ಸಾವಿರ ಫೈಲ್ ತಿದ್ದುವ ಮುನ್ನ ಏಳು ಸೂತ್ರಗಳು

ದೊಡ್ಡ ಪ್ರಾಜೆಕ್ಟಿನಲ್ಲಿ ಒಂದು ಫಂಕ್ಷನ್ ಬದಲಾದರೆ ಅದನ್ನು ಕರೆಯುವ ನೂರಾರು ಕಡೆ ತಿದ್ದಬೇಕು. ಕೈಯಲ್ಲೇ ತಿದ್ದುತ್ತ ಹೋದರೆ ದಣಿದ ಕಣ್ಣು ತಪ್ಪುತ್ತದೆ. ಟೂಲಿಗೆ ಒಪ್ಪಿಸಿ ಸುಮ್ಮನಾದರೆ ಒಂದೇ ತಪ್ಪು ನೂರು ಕಡೆ ಕೂರುತ್ತದೆ. ಯಾವ ಕೆಲಸ ಯಾರದು ಎಂದು ಮೊದಲೇ ಹಂಚಿಕೊಳ್ಳಿ.

1. ತಿದ್ದುಪಡಿಯ ನಿಯಮವನ್ನು ಮೊದಲು ಬರೆಯಿರಿ. ಜೂಲಿಯಾ ಲಾವಲ್ ಮತ್ತು ಸಂಗಡಿಗರು ಕಟ್ಟಿದ ಕಾಕ್ಸಿನೆಲ್ ಟೂಲಿನಲ್ಲಿ ಹೋಗಬೇಕಾದ ಸಾಲಿಗೆ ಮೈನಸ್, ಬರಬೇಕಾದ ಸಾಲಿಗೆ ಪ್ಲಸ್ ಹಾಕಿದರೆ ಸಾಕು. ಲಿನಕ್ಸ್ ಕರ್ನಲ್‌ನಲ್ಲಿ 2017ರಲ್ಲಿ ಟೈಮರ್ ಫಂಕ್ಷನ್ ಬದಲಾದಾಗ ಬಹುಪಾಲು ತಿದ್ದುಪಡಿ ನಡೆದದ್ದು ಹೀಗೆ.

2. ರಿವ್ಯೂಗೆ ಆ ನಿಯಮವನ್ನೇ ಕೊಡಿ. ಸಾವಿರಾರು ಸಾಲಿನ ಪ್ಯಾಚನ್ನು ಯಾರೂ ಪೂರ್ತಿ ಓದುವುದಿಲ್ಲ. ಓದಿದೆನೆಂದು ಸಹಿ ಹಾಕುತ್ತಾರೆ ಅಷ್ಟೆ. ಕರ್ನಲ್‌ನವರು ನಿಯಮವನ್ನು ಕಮಿಟ್ ಸಂದೇಶದಲ್ಲೇ ಇಡುತ್ತಾರೆ. ಅನುಮಾನ ಬಂದವರು ಅದನ್ನು ಮತ್ತೆ ಓಡಿಸಿ ತಾಳೆ ನೋಡಬಹುದು. ಎಲ್ಲ ತಂಡಗಳೂ ಕಲಿಯಬೇಕಾದ ಪದ್ಧತಿ ಇದು.

3. ಟೂಲಿಗೆ ಕಾಣದ್ದನ್ನು ಪಟ್ಟಿ ಮಾಡಿ. ಪೈಥಾನ್ 2ರಿಂದ 3ಕ್ಕೆ ಕೋಡ್ ಸಾಗಿಸಲು ‘2ಟು3’ ಎಂಬ ಟೂಲ್ ಇತ್ತು. ಪ್ರಿಂಟ್‌ಗೆ ಆವರಣ ಚಿಹ್ನೆ ಹಾಕುವುದು ಅದಕ್ಕೆ ಸುಲಭ. ಆದರೆ 5/2 ಎಂಬುದಕ್ಕೆ ಹಳೆಯ ಪೈಥಾನ್ ‘2’ ಎನ್ನುತ್ತಿತ್ತು, ಹೊಸದು ‘2.5’ ಎನ್ನುತ್ತದೆ. ಬರಹ ಒಂದೇ, ಉತ್ತರ ಬೇರೆ. ಟೂಲ್ ಅದನ್ನು ಮುಟ್ಟದೆ ಮುಂದೆ ಹೋಗುತ್ತಿತ್ತು. ಎರರ್ ಬರುವುದಿಲ್ಲ, ಲೆಕ್ಕ ಮಾತ್ರ ಬದಲಾಗಿರುತ್ತದೆ. ಪಠ್ಯ ಯಾವುದು, ಬೈಟ್ ಯಾವುದು ಎಂಬ ಗೊಂದಲವೂ ಇದೇ ಜಾತಿಯದು. ಇಂಥ ಕಡೆ ಟೆಸ್ಟ್ ಬರೆದ ಮೇಲೇ ಟೂಲ್ ಓಡಿಸಿ.

4. ಎಚ್ಚರಿಕೆ ಬಂದ ಸಾಲನ್ನು ಕಾರಣ ತಿಳಿಯದೆ ಅಳಿಸಬೇಡಿ. 2006ರಲ್ಲಿ ಮೆಮೊರಿ ಪರೀಕ್ಷಿಸುವ ಟೂಲ್ ದೂರಿತೆಂದು ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಿಂದ ಸಾಲುಗಳನ್ನು ತೆಗೆಯಲಾಯಿತು. ಯಾದೃಚ್ಛಿಕ ಸಂಖ್ಯೆಗೆ ಬೀಜ ಹಾಕುತ್ತಿದ್ದ ಸಾಲೂ ಅದರಲ್ಲಿ ಹೋಯಿತು. ಬೀಜವಾಗಿ ಉಳಿದದ್ದು ಪ್ರೊಸೆಸ್ ಸಂಖ್ಯೆಯೊಂದೇ. ಹೀಗಾಗಿ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಗೂಢಲಿಪಿ ಕೀಗೆ ಸುಮಾರು 32,768 ಸಾಧ್ಯತೆಗಳಷ್ಟೇ. ಅದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಡೆಬಿಯನ್, ಉಬುಂಟು ಬಳಸುತ್ತಿದ್ದವರು ಕೀಗಳನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಈ ಸಾಲು ಇಲ್ಲಿ ಏಕಿದೆ ಎಂಬ ಪ್ರಶ್ನೆಯನ್ನು ಟೂಲ್ ಕೇಳುವುದಿಲ್ಲ. ರಿವ್ಯೂ ಮಾಡುವವರ ಮೊದಲ ಪ್ರಶ್ನೆಯೇ ಅದಾಗಿರಬೇಕು.

5. ಟೂಲ್ ತಿದ್ದಿದ್ದು ಒಂದು ಕಮಿಟ್, ಕೈಯಲ್ಲಿ ತಿದ್ದಿದ್ದು ಇನ್ನೊಂದು. ಎರಡನ್ನೂ ಬೆರೆಸಲೇಬೇಡಿ.

6. ಬರೀ ಫಾರ್ಮ್ಯಾಟ್ ಬದಲಿಸಿದ ಕಮಿಟ್‌ಗಳನ್ನು ಗಿಟ್ ಬ್ಲೇಮ್‌ನಿಂದ ಹೊರಗಿಡಿ. ಅವುಗಳ ಪಟ್ಟಿಯ ಫೈಲ್ ಕೊಡುವ ಸೌಲಭ್ಯ 2019ರ 2.23 ಆವೃತ್ತಿಯಲ್ಲೇ ಬಂದಿದೆ.

7. ಹಿರಿಯರ ಸಮಯವನ್ನು ಟೂಲ್ ಬಿಟ್ಟುಹೋದ ಕಡೆಗೆ ಮೀಸಲಿಡಿ. ಸಿ ಭಾಷೆಯ ಮ್ಯಾಕ್ರೋಗಳ ಒಳಗೆ, ನಿಮ್ಮ ಬಿಲ್ಡ್‌ನಲ್ಲಿ ಕಂಪೈಲ್ ಆಗದ ಡ್ರೈವರ್‌ಗಳಲ್ಲಿ, ಸ್ಟ್ರಿಂಗ್ ಜೋಡಿಸಿ ಹೆಸರು ಹುಟ್ಟಿಸುವ ಕೋಡಿನಲ್ಲಿ ಹಳೆಯ ಕರೆಗಳು ಉಳಿದಿರುತ್ತವೆ. ಅವನ್ನು ಹುಡುಕಿ ತೆಗೆದು, ಆ ಭಾಗ ಬರೆದವರನ್ನೇ ಕೂರಿಸಿಕೊಂಡು ಒಂದೊಂದಾಗಿ ತಿದ್ದಿ.