ಕಡಿದಾದ ತೋಟದ ರಸ್ತೆಯ ದುರಸ್ತಿ: ಬುಲ್ಡೋಜರ್ ಬಳಸುವ ಕ್ರಮ

ಮಲೆನಾಡಿನ ಕಾಫಿ, ಅಡಿಕೆ, ಏಲಕ್ಕಿ ತೋಟಗಳಿಗೆ ಮಣ್ಣಿನ ರಸ್ತೆಯೇ ಜೀವನಾಡಿ. ಗೊಬ್ಬರ ಒಳಗೆ ಬರುವುದು, ಫಸಲು ಹೊರಗೆ ಹೋಗುವುದು, ಅಪರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದು ಎಲ್ಲವೂ ಇದೇ ದಾರಿಯಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಕೊರಕಲು ಬಿದ್ದು ಜೀಪು ಕೂಡ ಏರದಂತಾಗುತ್ತದೆ. ಆಗ ಗಂಟೆ ಲೆಕ್ಕದ ಬಾಡಿಗೆಗೆ ಬುಲ್ಡೋಜರ್ ತರಿಸಿ ರಸ್ತೆಯನ್ನು ನುಣುಪಾಗಿ ಕೆರೆಸುವುದು ರೂಢಿ. ಮರುವರ್ಷ ಅದೇ ಜಾಗದಲ್ಲಿ ಇನ್ನೂ ಆಳವಾದ ಕೊರಕಲು! ಕೆರೆದಷ್ಟೂ ರಸ್ತೆ ತಗ್ಗಿ, ಕೊನೆಗೆ ಅದೇ ಹಳ್ಳವಾಗುತ್ತದೆ. ತಪ್ಪು ಯಂತ್ರದ್ದಲ್ಲ. ವಾಹನಕ್ಕೆ ದಾರಿ ಮಾಡಿ ನೀರಿಗೆ ದಾರಿ ಮಾಡದಿರುವುದೇ ಇದಕ್ಕೆ ಕಾರಣ. ರಸ್ತೆಯ ಮೇಲೆ ಬಿದ್ದ ನೀರು ಹೆಚ್ಚು ದೂರ ಹರಿಯದೆ ಪಕ್ಕಕ್ಕೆ ಇಳಿಯಬೇಕು. ದುರಸ್ತಿಯ ಪ್ರತಿಯೊಂದು ಹಂತದಲ್ಲೂ ಈ ಮಾತು ನೆನಪಿರಲಿ.

ಸೂಕ್ತ ಕಾಲ

ಮಳೆ ನಿಂತು, ಮಣ್ಣಿನಲ್ಲಿ ಇನ್ನೂ ತೇವ ಇರುವಾಗ ಕೆಲಸ ಮಾಡಿಸಬೇಕು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ನೋಡಿ. ಉಂಡೆ ಕಟ್ಟಿಕೊಂಡು, ಕೈಗೆ ಕೆಸರು ಅಂಟದಿದ್ದರೆ ಹದ ಸರಿಯಾಗಿದೆ. ಬೇಸಿಗೆಯ ಒಣ ಮಣ್ಣು ಎಷ್ಟು ತುಳಿದರೂ ಗಟ್ಟಿಯಾಗದೆ ಧೂಳಾಗುತ್ತದೆ ಮತ್ತು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಯಂತ್ರ ಬರುವ ಮೊದಲು

1. ಜೋರು ಮಳೆಯಲ್ಲಿ ಒಮ್ಮೆ ರಸ್ತೆಯುದ್ದಕ್ಕೂ ನಡೆದು, ನೀರು ಎಲ್ಲಿ ರಸ್ತೆಗೆ ನುಗ್ಗುತ್ತದೆ, ಎಲ್ಲಿ ಹೊರಬೀಳಬಹುದು ಎಂಬುದನ್ನು ಗಮನಿಸಿ ಗೂಟ ನೆಡಬೇಕು.

2. ಇಳಿಜಾರನ್ನು ಅಳೆಯಬೇಕು. ಗಾರೆ ಕೆಲಸದವರು ಬಳಸುವ ಮಟ್ಟದ ಪೈಪು ಸಾಕು. 10 ಮೀ. ದೂರಕ್ಕೆ 1.5 ಮೀ. ಇಳಿದರೆ ಅದು ಶೇ. 15ರ ಇಳಿಜಾರು.

3. ಮೋರಿಗಳ ಬಾಯಿ, ನೀರಾವರಿ ಪೈಪು, ವಿದ್ಯುತ್ ತಂತಿ ಇರುವ ಸ್ಥಳಗಳನ್ನು ಗುರುತಿಸಿ ಚಾಲಕನಿಗೆ ತೋರಿಸಬೇಕು.

ಕೊರಕಲು ತುಂಬುವ ವಿಧಾನ

ಕೊರಕಲಿಗೆ ಮೇಲಿನಿಂದ ಸಡಿಲ ಮಣ್ಣು ತಳ್ಳಿ ಮುಚ್ಚಿದರೆ ಪ್ರಯೋಜನವಿಲ್ಲ. ಹಳೆಯ ಗಟ್ಟಿ ನೆಲಕ್ಕೂ ಹೊಸ ಮಣ್ಣಿಗೂ ಬೆಸುಗೆಯಾಗದೆ ನೀರು ಮತ್ತೆ ಅದೇ ಗೆರೆ ಹಿಡಿಯುತ್ತದೆ. ಮೊದಲು ರಿಪ್ಪರ್‌ನಿಂದ ಕೊರಕಲಿನ ಎರಡೂ ಬದಿಯ ನೆಲವನ್ನು ಕೊರಕಲಿನ ತಳದವರೆಗೆ ಸಡಿಲಿಸಬೇಕು. ಅನಂತರ ಕೆಳತುದಿಯಿಂದ ಮೇಲಕ್ಕೆ, ಸುಮಾರು 15 ಸೆಂ.ಮೀ. ದಪ್ಪದ ಪದರಗಳಾಗಿ ಮಣ್ಣು ಹರಡಿ, ಪ್ರತಿ ಪದರವನ್ನೂ ತುಳಿಸಬೇಕು. ಬುಲ್ಡೋಜರಿನ ಭಾರ ಅಗಲವಾದ ಚೈನಿನ ಮೇಲೆ ಹಂಚಿಹೋಗುವುದರಿಂದ ಅದು ತುಳಿದದ್ದು ಕಂಡಷ್ಟು ಗಟ್ಟಿಯಾಗಿರುವುದಿಲ್ಲ. ರೋಲರ್ ಸಿಗದಿದ್ದರೆ ಮಣ್ಣು ತುಂಬಿದ ಟ್ರೇಲರನ್ನು ಟ್ರಾಕ್ಟರಿಗೆ ಕಟ್ಟಿ ಹಲವು ಸಲ ಓಡಿಸುವುದು ಒಳ್ಳೆಯದು. ಬೊಡ್ಡೆ, ರೆಂಬೆ, ಸೊಪ್ಪುಗಳನ್ನು ಹೂಳಬಾರದು. ಅವು ಕೊಳೆತಲ್ಲಿ ಪೊಳ್ಳು ಬಿದ್ದು ರಸ್ತೆ ಕುಸಿಯುತ್ತದೆ. ಮೇಲ್ಪದರಕ್ಕೆ ಗರಸು ಮಣ್ಣು ಉತ್ತಮ.

ವಾಟ ಮತ್ತು ಅಂಚು

ರಸ್ತೆಯ ಅಡ್ಡಕ್ಕೆ ಶೇ. 3ರಿಂದ 5ರಷ್ಟು ವಾಟ ಕೊಡಬೇಕು. 4 ಮೀ. ಅಗಲದ ರಸ್ತೆಗೆ ಇದು 12ರಿಂದ 20 ಸೆಂ.ಮೀ. ಆಗುತ್ತದೆ. ಇಳಿಜಾರು ಕಡಿಮೆಯಿದ್ದು ಗರಸು ನೆಲವಿದ್ದರೆ ಹೊರವಾಟ ಸಾಕು. ಕಡಿದಾದ ಜೇಡಿ ನೆಲದಲ್ಲಿ ಹೊರವಾಟ ಅಪಾಯಕರ. ಚಕ್ರ ಜಾರಿದರೆ ವಾಹನ ಕಣಿವೆಯತ್ತ ಹೋಗುತ್ತದೆ. ಅಲ್ಲಿ ಒಳವಾಟ ಕೊಟ್ಟು ಧರೆಯ ಪಕ್ಕ ಚರಂಡಿ ತೆಗೆಸಬೇಕು.

ಚರಂಡಿ ತೆಗೆಯುವಾಗ ಬ್ಲೇಡಿನ ಮೂಲೆ ಧರೆಯ ಬುಡಕ್ಕೆ ತಾಗಬಾರದು. ಬುಡ ಕಡಿದ ಧರೆ ಮುಂದಿನ ಮಳೆಯಲ್ಲಿ ಜರಿಯುತ್ತದೆ. ಹಾಗೆಯೇ ಕೆರೆದ ಮಣ್ಣನ್ನು ಹೊರ ಅಂಚಿನಿಂದ ಕೆಳಕ್ಕೆ ತಳ್ಳಲೂಬಾರದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಭಾರಿ ಮಳೆಗೆ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಇಳಿಜಾರುಗಳನ್ನು ಮನಬಂದಂತೆ ಕಡಿದದ್ದೂ ಈ ಕುಸಿತಗಳಿಗೆ ಒಂದು ಕಾರಣವಾಗಿತ್ತು. ಹೊರ ಅಂಚಿನಲ್ಲಿ ಬೆಳೆದ ಮಣ್ಣಿನ ಏರಿ ನೀರನ್ನು ರಸ್ತೆಯಲ್ಲೇ ಹಿಡಿದಿಡುತ್ತಿದ್ದರೆ ಅದನ್ನು ಒಳಕ್ಕೆಳೆದು ರಸ್ತೆಗೇ ಬಳಸಬೇಕು. ಮೇಲಿನ ಗುಡ್ಡದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಹೊಸದಾಗಿ ಕೆಸರು ನೀರು ಜಿನುಗುವುದು ಕಂಡರೆ ಕೆಲಸವನ್ನು ಕೂಡಲೇ ನಿಲ್ಲಿಸಿ ತಾಲ್ಲೂಕು ಆಡಳಿತಕ್ಕೆ ತಿಳಿಸಬೇಕು.

ಅಡ್ಡದಿಣ್ಣೆಗಳು

ಇದು ಕೊನೆಯ ಕೆಲಸ, ಆದರೆ ಅತಿ ಮುಖ್ಯವಾದುದು. ಬ್ಲೇಡನ್ನು ಓರೆ ಮಾಡಿ, ರಸ್ತೆಗೆ ಅಡ್ಡಲಾಗಿ ತಗ್ಗು ತೆಗೆದು, ಆ ಮಣ್ಣನ್ನೇ ಅದರ ಕೆಳಬದಿಗೆ ದಿಣ್ಣೆಯಾಗಿ ಕೂಡಿಸಬೇಕು. ತಗ್ಗಿನ ತಳದಿಂದ ದಿಣ್ಣೆಯ ನೆತ್ತಿಗೆ ಸುಮಾರು 30 ಸೆಂ.ಮೀ. ಇರಲಿ. ದಿಣ್ಣೆ ನೇರ ಅಡ್ಡಕ್ಕಿರದೆ, ಹೊರತುದಿ ಕೆಳಕ್ಕೆ ಬರುವಂತೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಹತ್ತಿರ ಮೋರಿ ಇಲ್ಲದಿದ್ದರೆ ಒಳತುದಿಯನ್ನು ಧರೆಗೆ ತಾಗಿಸಿ ಚರಂಡಿಯ ನೀರನ್ನೂ ತಿರುಗಿಸಬೇಕು. ದಿಣ್ಣೆಗಳ ನಡುವಿನ ಗರಿಷ್ಠ ಅಂತರ ಹೀಗಿರಲಿ:

ಶೇ. 5ರ ಇಳಿಜಾರಿಗೆ 40 ಮೀ.
ಶೇ. 10ಕ್ಕೆ 24 ಮೀ.
ಶೇ. 15ಕ್ಕೆ 18 ಮೀ.
ಶೇ. 20ಕ್ಕೆ 14 ಮೀ.

ಮಳೆ ಹೆಚ್ಚಿರುವಲ್ಲಿ, ಮಣ್ಣು ಸಡಿಲವಿರುವಲ್ಲಿ ಈ ಅಂತರವನ್ನು ಇನ್ನೂ ಕಡಿಮೆ ಮಾಡಬೇಕು. ನೀರು ಬೀಳುವ ಜಾಗದಲ್ಲಿ ಕಲ್ಲು ಹಾಸಿ ಸುತ್ತ ಲಾವಂಚ ನೆಡಬೇಕು. ಹೊಸದಾಗಿ ತುಂಬಿದ ಮಣ್ಣಿನ ಮೇಲಾಗಲಿ, ನೆರೆಯವರ ಗದ್ದೆಗಾಗಲಿ ನೀರು ಬಿಡಬಾರದು.

ಸುರಕ್ಷತೆ

• ಇಳಿಜಾರಿನಲ್ಲಿ ಯಂತ್ರ ನೇರ ಮೇಲಕ್ಕೆ ಇಲ್ಲವೇ ಕೆಳಕ್ಕೆ ಚಲಿಸಬೇಕು. ಅಡ್ಡ ಹೋದರೆ ಮಗುಚುವ ಭಯವಿದೆ.

• ಇಳಿಯುವಾಗ ಕಡಿಮೆ ಗೇರಿನಲ್ಲಿ, ಬ್ಲೇಡನ್ನು ನೆಲಕ್ಕೆ ಸಮೀಪವಿಟ್ಟು ಇಳಿಯಬೇಕು. ನ್ಯೂಟ್ರಲ್‌ನಲ್ಲಿ ಎಂದಿಗೂ ಇಳಿಯಬಾರದು.

• ಸ್ಟಿಯರಿಂಗ್ ಕ್ಲಚ್ ಇರುವ ಹಳೆಯ ಯಂತ್ರ ಇಳಿಜಾರಿನಲ್ಲಿ ತನ್ನ ಭಾರಕ್ಕೇ ಓಡತೊಡಗಿದಾಗ ಎಡ ಕ್ಲಚ್ ಮಾತ್ರ ಬಿಡಿಸಿದರೆ ಎಡ ಚೈನು ಸ್ವತಂತ್ರವಾಗಿ ಮುಂದೋಡಿ ಯಂತ್ರ ಬಲಕ್ಕೆ ತಿರುಗುತ್ತದೆ. ಸಮತಟ್ಟಿನಲ್ಲಷ್ಟೇ ಪಳಗಿದ ಚಾಲಕನನ್ನು ಇಂತಹ ಕೆಲಸಕ್ಕೆ ಒಪ್ಪಬೇಡಿ.

• ಹೊರ ಅಂಚಿನಿಂದ ಕನಿಷ್ಠ ಒಂದು ಚೈನಿನಷ್ಟು ದೂರ ಇರಬೇಕು. ತುಂಬಿದ ಮಣ್ಣಾದರೆ ಇನ್ನೂ ದೂರ.

• ಚಾಲಕ ಸೀಟ್ ಬೆಲ್ಟ್ ಕಟ್ಟಿರಬೇಕು. ಯಂತ್ರದ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು. ನಿಲ್ಲಿಸುವಾಗ ಬ್ಲೇಡು ನೆಲಕ್ಕೆ ಊರಿರಬೇಕು.

ಅನಂತರದ ಕೆಲಸ

ಮುಂಗಾರಿನ ಮೊದಲ ದೊಡ್ಡ ಮಳೆಗೆ ಗುದ್ದಲಿ ಹಿಡಿದು ರಸ್ತೆಗೆ ಹೋಗಿ. ಮುಚ್ಚಿಹೋದ ತಗ್ಗುಗಳನ್ನು ಬಿಡಿಸಿ, ಸವೆದ ದಿಣ್ಣೆಗಳನ್ನು ಎತ್ತರಿಸಿ. ಆ ದಿನದ ಒಂದೆರಡು ಗಂಟೆಯ ಕೈಕೆಲಸ ಮುಂದಿನ ವರ್ಷ ಯಂತ್ರದ ಬಾಡಿಗೆಯ ಬಹುಪಾಲನ್ನು ಉಳಿಸುತ್ತದೆ, ತೋಟದ ಮಣ್ಣನ್ನೂ ತೋಟದಲ್ಲೇ ಉಳಿಸುತ್ತದೆ.