ಗಾಳಿಯೂ ಕಡಲಿನ ಮೈಯೂ



ಕರಾವಳಿಯ ಹಳ್ಳಿಗಳಲ್ಲಿ ಬೇಸಾಯದ ಜೊತೆಗೆ ಚಿಕ್ಕ ದೋಣಿ ಇಟ್ಟುಕೊಂಡವರೂ ಇದ್ದಾರೆ. ತೆಂಗಿನ ತೋಟದ ಮರೆಯಲ್ಲಿ ನಿಂತು "ಗಾಳಿ ಹೆಚ್ಚೇನಿಲ್ಲ" ಎಂದು ದೋಣಿ ನೂಕುವವರಿಗಾಗಿ ಈ ಪಾಠ.

ಗಾಳಿಯು ತಾನು ಹಾಯುವ ನೆಲಕ್ಕೆ ಉಜ್ಜಿಕೊಂಡೇ ಸಾಗುತ್ತದೆ. ನೆಲ ಒರಟಾದಷ್ಟೂ ಅದರ ಓಟ ಕುಗ್ಗುತ್ತದೆ. ಮರ, ಬೇಲಿ, ಮನೆ, ನಿಂತ ಪೈರು ಎಲ್ಲವೂ ಅದಕ್ಕೆ ತಡೆಯೇ. ಕಡಲಿನ ಮೈ ಇವೆಲ್ಲಕ್ಕಿಂತ ನುಣುಪು. ಆದ್ದರಿಂದ ಊರೊಳಗೆ ಮೆಲ್ಲನೆ ಬೀಸುವ ಗಾಳಿಯೇ ನೀರಿನ ಮೇಲೆ ಜೋರಾಗಿರುತ್ತದೆ.

ಹೊಲದ ಒರಟುತನ ಗಾಳಿ ಬಂದರೂ ಹೋದರೂ ಇದ್ದಂತೆಯೇ ಇರುತ್ತದೆ. ಕಡಲಿನದು ಹಾಗಲ್ಲ, ಅದನ್ನು ಗಾಳಿಯೇ ಹುಟ್ಟಿಸುತ್ತದೆ. ಮೊದಲು ಮೀನಿನ ಪೊರೆಯಂಥ ಸಣ್ಣ ಸುಕ್ಕು ಏಳುತ್ತದೆ. ಸುಕ್ಕು ಎದ್ದ ನೀರು ಗಾಳಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಹಿಡಿತ ಸಿಕ್ಕಂತೆ ತೆರೆ ಬೆಳೆಯುತ್ತದೆ. ಇದರ ಲೆಕ್ಕವನ್ನು ಹೆನ್ರಿ ಚಾರ್ನಾಕ್ ಎಂಬ ಆಂಗ್ಲ ವಿಜ್ಞಾನಿ 1955ರಲ್ಲಿ ಸೂತ್ರವಾಗಿ ಬರೆದರು. ಗಾಳಿಯ ವೇಗ ಎರಡು ಪಟ್ಟಾದರೆ ನೀರನ್ನು ಅದು ಎಳೆಯುವ ಬಲ ನಾಲ್ಕು ಪಟ್ಟಿಗೂ ಮೀರುತ್ತದೆ.

ಸಣ್ಣ ಸುಕ್ಕನ್ನು ಹಗುರವಾಗಿ ಎಣಿಸಬಾರದು. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಫಮ್ ಕೆರೆಯ ಮೇಲೆ ಸ್ವಲ್ಪ ಎಣ್ಣೆ ಬಿಟ್ಟರು. ಮೊದಲು ಗಾಳಿ ಹೋಗುವ ಬದಿಯಲ್ಲಿ ಬಿಟ್ಟದ್ದು ದಡಕ್ಕೇ ಮರಳಿತು. ಗಾಳಿ ಬರುವ ಬದಿಯಲ್ಲಿ ಬಿಟ್ಟಾಗ, ಒಂದು ಚಮಚಕ್ಕೆ ಮೀರದ ಎಣ್ಣೆ ಹರಡಿ, ಸುಮಾರು ಅರ್ಧ ಎಕರೆ ನೀರು ಕನ್ನಡಿಯಂತಾಯಿತು. ಎಣ್ಣೆಯ ಪೊರೆ ಸುಕ್ಕನ್ನು ಅಡಗಿಸಿದ್ದರಿಂದ ಗಾಳಿಗೆ ಹಿಡಿತ ತಪ್ಪಿತು. ಇದನ್ನು ಅವರು 1774ರಲ್ಲಿ ಪ್ರಕಟಿಸಿದರು. ನಮ್ಮ ಕೆರೆಯಲ್ಲಿ ಮಾಡಿ ನೋಡುವುದು ಬೇಡ, ದನ ಕುಡಿಯುವ ನೀರು!

ಗಾಳಿ ಅಳೆಯಲು ನಮಗೆ ಯಂತ್ರ ಬೇಕಿಲ್ಲ. ಬ್ಯೂಫರ್ಟ್ ಎಂಬ ನೌಕಾಧಿಕಾರಿ 1805ರಲ್ಲಿ ಆರಂಭಿಸಿದ ಅಳತೆಪಟ್ಟಿಯನ್ನು ಮುಂದೆ ನೀರಿನ ಮೈಗೂ ಹೊಂದಿಸಿದ್ದಾರೆ. ಅಲ್ಲೊಂದು ಇಲ್ಲೊಂದು ಬಿಳಿನೊರೆ ಕಂಡರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್. ನೊರೆ ಅಡಿಗಡಿಗೆ ಕಂಡರೆ 20ರಿಂದ 28. ಎಲ್ಲೆಲ್ಲೂ ನೊರೆಯಿದ್ದು ತುಂತುರು ಹಾರತೊಡಗಿದರೆ 29ರಿಂದ 38. ನನ್ನ ಅಭಿಪ್ರಾಯದಲ್ಲಿ ಎರಡನೆಯ ಗುರುತು ಕಂಡ ದಿನವೇ ಚಿಕ್ಕ ದೋಣಿ ಮರಳಿನ ಮೇಲಿರಲಿ.

ಇದರಲ್ಲೊಂದು ಮೋಸವುಂಟು. ತೆರೆ ಬೆಳೆಯಲು ಗಾಳಿ ನೀರಿನ ಮೇಲೆ ದೂರ ಓಡಬೇಕು. ನೆಲದಿಂದ ಕಡಲಿನತ್ತ ಗಾಳಿ ಬೀಸುವಾಗ ದಡದ ನೀರು ಶಾಂತವಾಗಿಯೇ ಕಾಣುತ್ತದೆ. ಒಳಗೆ ಹೋದಂತೆಲ್ಲ ತೆರೆ ಏರುತ್ತದೆ, ಹಿಂದಿರುಗುವಾಗ ಗಾಳಿ ಎದುರಾಗುತ್ತದೆ. ಅಂಥ ದಿನ ಕಾಲಬುಡದ ನೀರನ್ನಲ್ಲ, ದೂರದ ನೀರನ್ನು ನೋಡಿರಿ. ಹವಾಮಾನ ಇಲಾಖೆಯವರು ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ಕೇಳಿಯೇ ದೋಣಿ ಇಳಿಸಿರಿ.