ಗರ್ಭನಿರೋಧದ ಕನ್ನಡ ಪರಿಭಾಷೆ ಮತ್ತು ಯುವಜನರ ಧೋರಣೆ

ಗರ್ಭನಿರೋಧವನ್ನು ಕುರಿತ ಯುವಜನರ ಧೋರಣೆಯನ್ನು ಆರೋಗ್ಯಶಾಸ್ತ್ರ, ಸಮಾಜಶಾಸ್ತ್ರಗಳ ವಸ್ತುವೆಂದು ಬಿಟ್ಟುಬಿಡುವುದು ವಾಡಿಕೆ. ಆ ಧೋರಣೆಯನ್ನು ರೂಪಿಸುವುದರಲ್ಲಿ ಭಾಷೆಗೂ ಪಾಲಿದೆ ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ.

ಮೈಸೂರು ಸಂಸ್ಥಾನವು ೧೯೩೦ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯವನ್ನು ತೆರೆದಿತ್ತು. ೧೯೫೨ರ ರಾಷ್ಟ್ರೀಯ ಕಾರ್ಯಕ್ರಮದೊಡನೆ 'ಕುಟುಂಬ ಯೋಜನೆ' ಎಂಬ ಮಾತು ನೆಲೆಯೂರಿತು. ತುರ್ತುಪರಿಸ್ಥಿತಿಯ ಬಲವಂತದ ಶಸ್ತ್ರಚಿಕಿತ್ಸೆಗಳಿಂದ ಆ ಹೆಸರಿಗೆ ಕಳಂಕ ತಟ್ಟಿದ ಮೇಲೆ ೧೯೭೭ರಲ್ಲಿ ಅದು 'ಕುಟುಂಬ ಕಲ್ಯಾಣ'ವಾಯಿತು. 'ಯೋಜನೆ' ಹೋಯಿತು, 'ಕುಟುಂಬ' ಕದಲಲಿಲ್ಲ. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಜನಪ್ರಿಯ ಮಾತೂ ತಂದೆತಾಯಿಗಳನ್ನೇ ಉದ್ದೇಶಿಸಿದ್ದು (ಆರತಿ ಯಾರಿಗೆ, ಕೀರ್ತಿ ಯಾರಿಗೆ ಎಂಬ ಹಂಚಿಕೆ ಬೇರೆಯೇ ಚರ್ಚೆಗೆ ಅರ್ಹ). ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ ಪ್ರಸಿದ್ಧ ಕೃತಿಯ ಹೆಸರು 'ದಾಂಪತ್ಯ ದೀಪಿಕೆ'. ಅಂದಿನ ಓದುಗರ ಮನೆಯೊಳಗೆ ಪ್ರವೇಶ ಪಡೆಯಲು ಪುಸ್ತಕಕ್ಕೆ ಅಂಥ ಹೆಸರು ಬೇಕಿತ್ತೆಂದು ತೋರುತ್ತದೆ. ಆದರೆ ದಾಂಪತ್ಯದ ಹೊರಗಿರುವವರಿಗೆ ದೀಪ ಹಿಡಿಯುವ ಶಬ್ದವನ್ನು ನಾವು ಆಮೇಲೂ ರೂಪಿಸಿಕೊಳ್ಳಲಿಲ್ಲ.

ಆಡುಮಾತು ಹಿಡಿದ ದಾರಿ ಬೇರೆ. ಕಾಪರ್-ಟಿಗೆ ತೋಳಿನ ಆಭರಣವಾದ 'ವಂಕಿ'ಯ ಹೆಸರು ಬಂದಿತು. ೧೯೬೮ರಲ್ಲಿ ಮಾರುಕಟ್ಟೆಗೆ ಬಂದ 'ನಿರೋಧ್' ಒಂದು ಸರಕಿನ ಹೆಸರಾಗಿದ್ದು ಸಾಮಾನ್ಯ ನಾಮಪದವೇ ಆಯಿತು. 'ಆಪರೇಷನ್ ಆಗಿದೆಯೇ?' ಎಂದು ಹೆಂಗಸನ್ನು ಕೇಳಿದರೆ ಯಾವ ಆಪರೇಷನ್ ಎಂದು ವಿವರಿಸಬೇಕಾಗಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ೧೫–೪೯ ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ಅವಲಂಬಿಸಿದ್ದಾರೆ. ಪುರುಷರ ಶಸ್ತ್ರಚಿಕಿತ್ಸೆ ನಗಣ್ಯ. ದೇಶದ ಪುರುಷರಲ್ಲಿ ಸುಮಾರು ಶೇ. ೩೫ರಷ್ಟು ಮಂದಿ ಗರ್ಭನಿರೋಧವು ಹೆಂಗಸರ ವ್ಯವಹಾರವೆಂದೂ, ಸುಮಾರು ಶೇ. ೨೦ರಷ್ಟು ಮಂದಿ ಅದನ್ನು ಬಳಸುವ ಹೆಣ್ಣು ದಾರಿತಪ್ಪಬಹುದೆಂದೂ ಇದೇ ಸಮೀಕ್ಷೆಯಲ್ಲಿ ಒಪ್ಪಿದ್ದಾರೆ. ಹೊಣೆಯೂ ಅವಳದೇ, ಶಂಕೆಯೂ ಅವಳ ಮೇಲೆಯೇ.

ಇಂಥ ಪರಿಸರದಲ್ಲಿ ಇಪ್ಪತ್ತರ ಹರೆಯದ ತರುಣ ತರುಣಿಯರು ಔಷಧದಂಗಡಿಯಲ್ಲಿ ಇಂಗ್ಲಿಷಿನ ಮೊರೆಹೋಗುವುದನ್ನು ಕೇವಲ ಭಾಷಾವ್ಯಾಮೋಹವೆನ್ನಲಾಗದು. 'ಪ್ರೊಟೆಕ್ಷನ್' ಎಂಬ ಪದ ಮದುವೆಯಾಗಿದೆಯೇ ಎಂದು ಕೇಳುವುದಿಲ್ಲ. 'ಸಂತಾನ ನಿಯಂತ್ರಣ' ಕೇಳುತ್ತದೆ. ಹೊಸದಾಗಿ ಮದುವೆಯಾದವರಿಗೂ ಈ ಪದ ಒಗ್ಗದು. ನಿಯಂತ್ರಿಸಲು ಸಂತಾನವೇ ಇನ್ನೂ ಇಲ್ಲ. ಮೊದಲ ಹೆರಿಗೆಯನ್ನು ಮುಂದೂಡುವ ಇಚ್ಛೆಗೆ ಕನ್ನಡದಲ್ಲಿ ಇಂದಿಗೂ ಸುತ್ತುಮಾತೇ ಗತಿ.

ಪದವೊಂದು ಬದಲಾದರೆ ಏನಾಗಬಹುದೆಂಬುದಕ್ಕೆ ಕಾನೂನಿನಲ್ಲಿ ನಿದರ್ಶನವಿದೆ. ೧೯೭೧ರ ವೈದ್ಯಕೀಯ ಗರ್ಭಪಾತ ಕಾಯಿದೆಯು ಗರ್ಭನಿರೋಧಕ ವಿಫಲವಾದ ಸಂದರ್ಭವನ್ನು ವಿವರಿಸುವಾಗ 'ವಿವಾಹಿತ ಸ್ತ್ರೀ ಅಥವಾ ಆಕೆಯ ಪತಿ' ಎಂದಿತ್ತು. ೨೦೨೧ರ ತಿದ್ದುಪಡಿಯು ಅದನ್ನು 'ಸ್ತ್ರೀ ಅಥವಾ ಆಕೆಯ ಸಂಗಾತಿ' ಎಂದು ಮಾರ್ಪಡಿಸಿತು. ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಪ್ಪತ್ತರಿಂದ ಇಪ್ಪತ್ನಾಲ್ಕು ವಾರಗಳ ಅವಧಿಯ ಗರ್ಭಪಾತದ ಅವಕಾಶದಿಂದ ಅವಿವಾಹಿತೆಯನ್ನು ಹೊರಗಿಡಲಾಗದೆಂದು ತೀರ್ಪಿತ್ತಾಗ ಆಧರಿಸಿದ ಅಂಶಗಳಲ್ಲಿ ಈ ಪದಪಲ್ಲಟವೂ ಒಂದು.